ಪೊಲೀಸ್ ಮುತ್ತ್ಯಾನ ಕಾಗದಗಳು ಮತ್ತು ಹೊಲವಿಲ್ಲದ ಮನೆಗಳ ವಂಶಾವಳಿ

ನಮ್ಮ ಕಡೆ ವಂಶದ ಮಾತು ಬಂದರೆ ಜನ ಮೊದಲು ಉತಾರ, ಅಂದರೆ ಹೊಲದ ಹಕ್ಕಿನ ಕಾಗದ ತೆಗೆಯುತ್ತಾರೆ. ಯಾವ ಸರ್ವೆ ನಂಬರು, ಯಾರ ಹೆಸರಿನಿಂದ ಯಾರ ಹೆಸರಿಗೆ ವಾರಸಾ ಆಯಿತು, ಅಣ್ಣತಮ್ಮಂದಿರು ಯಾವಾಗ ಬೇರೆಯಾದರು, ಎಲ್ಲ ಅದರಲ್ಲಿ ಸಿಗುತ್ತದೆ. ವತನದ, ಅಂದರೆ ಊರ ಚಾಕರಿಗೆ ವಂಶಪಾರಂಪರ್ಯವಾಗಿ ಹೊಲ ಪಡೆದ ಮನೆಯವರ ಹತ್ತಿರ ಅದರ ಸರ್ಕಾರಿ ಪತ್ರ, ಸನದು ಇರುತ್ತದೆ. ಹೆಳವರು ಬಂದು ಹೊತ್ತಿಗೆ ಬಿಚ್ಚಿ ತಲೆಮಾರುಗಳನ್ನು ಓದಿ, ಕಾಳುಕಡಿ ಕಾಣಿಕೆ ತಗೊಂಡು ಹೋಗುವ ಮನೆಗಳೂ ಇವೆ. ಇದ್ಯಾವುದೂ ಇಲ್ಲದ ಮನೆಗಳ ಬಗ್ಗೆ ನಾನು ಬರೆಯುತ್ತಿದ್ದೇನೆ. ಹೊಲವಿಲ್ಲದ, ವತನವಿಲ್ಲದ ಮನೆಯ ಹುಡುಗನೊಬ್ಬ ಪೊಲೀಸ್ ಪೇದೆಯಾಗಿ ಭರ್ತಿಯಾದ ಅಂದರೆ ಎಷ್ಟೋ ಸಲ ಆ ಮನೆತನದ ಮೊದಲ ಕಾಗದ ಅಲ್ಲಿಂದಲೇ ಶುರು. ಅವನು ತೀರಿಕೊಂಡಾಗ ಆದ ಕಾಗದಗಳು ಇನ್ನೂ ಹೆಚ್ಚು ಹೇಳುತ್ತವೆ. ಅವನ್ನು ಮನೆ ಸುಣ್ಣ ಬಳಿಯುವಾಗ ರದ್ದಿಗೆ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ನಮ್ಮ ಮುತ್ತ್ಯಾ, ಅಂದರೆ ಅಜ್ಜ, 1943ರಲ್ಲಿ ಮುಂಬೈ ಪ್ರಾಂತದ ಪೊಲೀಸ್‌ಗೆ ಸೇರಿದವರು. ಆಗ ವಿಜಯಪುರ, ಬೆಳಗಾವಿ ಎರಡೂ ಮುಂಬೈ ಆಡಳಿತದಲ್ಲಿದ್ದವು. 1956ರ ನವೆಂಬರ್ 1ಕ್ಕೆ ರಾಜ್ಯ ಬದಲಾಯಿತು. ಮುತ್ತ್ಯಾ ಅದೇ ಠಾಣೆಯಲ್ಲಿ, ಅದೇ ಲಾಠಿ ಹಿಡಿದುಕೊಂಡು ಮೈಸೂರು ರಾಜ್ಯದ ಪೊಲೀಸ್ ಆದರು. ಅವರ ಸೇವಾ ಪುಸ್ತಕದಲ್ಲಿ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ, ಮೊಹರು ಬೇರೆ, ಬರವಣಿಗೆ ಬೇರೆ. ಎತ್ತರ, ಎದೆಯ ಅಳತೆ, ಎಡ ಹುಬ್ಬಿನ ಮೇಲಿನ ಗಾಯದ ಗುರುತು, ಹೆಬ್ಬೆರಳಿನ ಒತ್ತು, ತಂದೆಯ ಹೆಸರು, ಮೂಲ ಊರು ಎಲ್ಲ ಮೊದಲ ಪುಟದಲ್ಲೇ ಇವೆ. ಜಾತ್ರೆಯ ಬಂದೋಬಸ್ತಿಗೆ ಎರಡು ರೂಪಾಯಿ ಬಹುಮಾನ ಕೊಟ್ಟದ್ದೂ ಬರೆದಿದೆ. ಅವರ ಒಂದು ಫೋಟೋ ಕೂಡ ಇಲ್ಲದ ನಮ್ಮ ಮನೆಗೆ ಆ ಹುಬ್ಬಿನ ಗಾಯ ಎಷ್ಟು ದೊಡ್ಡದು ಅಂತ ಹೇಗೆ ಹೇಳಲಿ! ನಮ್ಮ ದೊಡ್ಡಪ್ಪನಿಗೂ ಗೊತ್ತಿರಲಿಲ್ಲ ಅದು.

ಬದಲಿಯಾದ ಊರುಗಳ ಪಟ್ಟಿ ಅದಕ್ಕಿಂತ ಉಪಯೋಗದ್ದು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಹುನಗುಂದ ಹೀಗೆ ಸಾಲಾಗಿದೆ. ಆ ಪಟ್ಟಿಯ ಪಕ್ಕ ಮಕ್ಕಳು ಹುಟ್ಟಿದ ವರ್ಷಗಳನ್ನು ಇಟ್ಟರೆ ಯಾರ ಜನನ ದಾಖಲೆ ಯಾವ ತಾಲೂಕಿನಲ್ಲಿ ಹುಡುಕಬೇಕು ಅಂತ ತಿಳಿಯುತ್ತದೆ. ಹೊಲ ಇದ್ದವರು ಒಂದೇ ಊರಲ್ಲಿ ಹುಟ್ಟಿ ಒಂದೇ ಊರಲ್ಲಿ ಮಣ್ಣಾಗುತ್ತಾರೆ. ಪೊಲೀಸರ ಮಕ್ಕಳು ಹಾಗಲ್ಲ, ಒಂದು ಊರಿನ ಪೊಲೀಸ್ ವಸತಿಯ ಲೈನಿನಿಂದ ಇನ್ನೊಂದು ಊರಿನ ಲೈನಿಗೆ ಹೋದವರು.

ಮುತ್ತ್ಯಾ ಕೆಲಸದಲ್ಲಿದ್ದಾಗಲೇ 1971ರಲ್ಲಿ ತೀರಿಕೊಂಡರು. ಮರಣ ದಾಖಲೆ ವಿಜಯಪುರದಲ್ಲಿ ಎಲ್ಲಿಯೂ ಇಲ್ಲ. ಇರುವುದೂ ಸಾಧ್ಯವಿಲ್ಲ. ಮರಣ ನೋಂದಣಿ ಆಗುವುದು ಜೀವ ಹೋದ ಊರಲ್ಲಿ. ಮಣ್ಣು ಮಾಡಿದ ಊರಿಗೂ ಸ್ವಂತ ಊರಿಗೂ ಅದಕ್ಕೂ ಸಂಬಂಧವಿಲ್ಲ. ಸೇವಾ ಪುಸ್ತಕದ ಕೊನೆಯ ನಮೂದಿನಲ್ಲಿ 'ಮಿರಜ' ಅಂತಿತ್ತು. ನಮ್ಮ ಭಾಗದವರಿಗೆ ಇದು ವಿವರಿಸಬೇಕಿಲ್ಲ. ಜಮಖಂಡಿ, ಅಥಣಿ, ಚಿಕ್ಕೋಡಿ ಕಡೆಯವರು ದೊಡ್ಡ ಬೇನೆ ಅಂದರೆ ಮಿರಜಕ್ಕೆ, ಇಂಡಿ-ವಿಜಯಪುರದವರು ಸೊಲ್ಲಾಪುರಕ್ಕೆ ಹೋಗುವುದು ಅಜ್ಜನ ಕಾಲದ ರೂಢಿ. ಮಿರಜದ ವಾನ್ಲೆಸ್ ಆಸ್ಪತ್ರೆ 1894ರಿಂದ ಇದೆ. ಹಾಗಾಗಿ ನಮ್ಮ ಎಷ್ಟೋ ಹಿರಿಯರ ಸಾವು ಮಹಾರಾಷ್ಟ್ರದ ವಹಿಯಲ್ಲಿ, ಮರಾಠಿಯಲ್ಲಿ ದಾಖಲಾಗಿದೆ. ಮಿರಜ ಈಗ ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯಲ್ಲಿದೆ, ಅರ್ಜಿ ಅಲ್ಲಿಗೇ ಕೊಡಬೇಕು. ಮನೆಯಲ್ಲಿ "ದಾಖಲೇನ ಇಲ್ಲಪಾ" ಅನ್ನುವವರನ್ನು ನಾನು ಮೊದಲು ಕೇಳುವುದು ಒಂದೇ: ಕಡೀಕ ಯಾವ ದವಾಖಾನ್ಯಾಗ ಇದ್ರು?

ಕಾನೂನು ಈ ವಿಷಯದಲ್ಲಿ ನಮ್ಮ ಪರವಾಗಿಯೇ ಇದೆ. ಜನನ ಮರಣ ನೋಂದಣಿ ಕಾಯ್ದೆ 1969ರದು, ಕರ್ನಾಟಕದಲ್ಲಿ 1970ರ ಏಪ್ರಿಲ್ 1ರಿಂದ ಜಾರಿ. ಅದರ 17ನೇ ಕಲಂ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ವಹಿಯಲ್ಲಿ ಹುಡುಕಿಸಬಹುದು, ಅದರ ಪ್ರಮಾಣಪತ್ರ ಪಡೆಯಬಹುದು. ಸಾವಿನ ಕಾರಣ ಮಾತ್ರ ಆ ಪತ್ರದಲ್ಲಿ ಬರಕೂಡದು. ಆ ಮಿತಿ ನನಗೆ ಸರಿ ಅನಿಸುತ್ತದೆ. ಕೆಲವು ಸಾವುಗಳನ್ನು ಆ ಮನೆಯವರು ಎಷ್ಟು ಕಷ್ಟಪಟ್ಟು ನುಂಗಿಕೊಂಡಿರುತ್ತಾರೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ.

1970ಕ್ಕಿಂತ ಹಿಂದಿನದು ಬೇಕಾದರೆ ತಹಶೀಲ್ದಾರ್ ಕಚೇರಿಯ ದಫ್ತರ ಕೋಣೆಯೇ ಗತಿ. ಮುಂಬೈ ಪ್ರಾಂತದ ಹಳ್ಳಿಗಳಲ್ಲಿ ಜನನ-ಮರಣದ ವಹಿಗೆ 'ಗಾವ್ ನಮೂನಾ 14' ಅನ್ನುತ್ತಿದ್ದರು. ಅದರಲ್ಲಿ ಜಾತಿಯನ್ನೂ ಬರೆಯುತ್ತಿದ್ದರು, ಅದಕ್ಕೇ ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಜನ ಇವತ್ತಿಗೂ ಅದರ ನಕಲು ತೆಗೆಸುತ್ತಾರೆ. ಹಳೆಯ ಪುಟಗಳು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ ಇದ್ದರೆ ಓದುವವರನ್ನು ಹುಡುಕಬೇಕು. ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನದ ಊರುಗಳಾಗಿದ್ದರೆ 1948ರವರೆಗಿನ ಆಡಳಿತವೇ ಬೇರೆ, ದಫ್ತರವೂ ಬೇರೆ.

ಇನ್ನೊಂದು ಕಾಗದವನ್ನು ಯಾರೂ ನೆನೆಯುವುದಿಲ್ಲ, ಪೊಲೀಸ್ ಪಾಟೀಲರ ಪಂಚನಾಮೆ. ನಮ್ಮಲ್ಲಿ ಪೊಲೀಸ್‌ಪಾಟೀಲ ಅನ್ನುವುದು ಈಗ ಅಡ್ಡಹೆಸರು. ಮೊದಲು ಅದು ಹುದ್ದೆ. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆಯಂತೆ ಊರಲ್ಲಿ ಯಾರಾದರೂ ಅಸಹಜವಾಗಿ ಸತ್ತರೆ ಪಂಚರನ್ನು ಕೂಡಿಸಿ ವಿಚಾರಣೆ ಮಾಡಿ ಮೇಲಕ್ಕೆ ವರದಿ ಕಳಿಸುವುದು ಅವರ ಕೆಲಸ. ಬಾವಿಗೆ ಬಿದ್ದವರು, ಹಾವು ಕಚ್ಚಿದವರು, ಹೊಳೆ ದಾಟುವಾಗ ಕೊಚ್ಚಿಹೋದವರು, ಇವರ ಸುದ್ದಿ ಮನೆಯವರಿಗಿಂತ ಮೊದಲು ಸರ್ಕಾರಕ್ಕೆ ಬರೆದವರು ಅವರೇ. ಪಂಚರ ಹೆಸರುಗಳಲ್ಲಿ ನೆರೆಹೊರೆಯವರೂ ಬೀಗರೂ ಸಿಗುವ ಸಾಧ್ಯತೆ ಇರುತ್ತದೆ. ಇಂಥ ಕಾಗದ ಯಾರ ಮನೆಯ ನಾಗೊಂದಿಯ ಮೇಲೆ ಉಳಿದಿದ್ದರೂ ಅದು ಇಡೀ ಊರಿನ ಆಸ್ತಿ.

ಪತ್ರಿಕೆಯ 'ನಿಧನ' ಅಂಕಣದ ಬಗ್ಗೆ ನನಗೆ ಬೇಸರವಿದೆ. "ನಿವೃತ್ತ ಹವಾಲ್ದಾರ ಇಂಥವರು ನಿಧನರಾದರು. ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಮೂವರು ಪುತ್ರಿಯರು ಇದ್ದಾರೆ." ಪತ್ನಿಗೆ ಹೆಸರಿಲ್ಲವೇ? ಆ ಮೂವರು ಹೆಣ್ಣುಮಕ್ಕಳು ಯಾವ ಊರಿಗೆ ನಡೆದರು? ಐವತ್ತು ವರ್ಷದ ನಂತರ ಹುಡುಕುವ ಮೊಮ್ಮಗಳಿಗೆ ಈ ನಾಲ್ಕು ಸಾಲಿನಿಂದ ಸಾವಿನ ಸುಮಾರು ದಿನ ಬಿಟ್ಟರೆ ಏನೂ ಸಿಗದು. ವಯಸ್ಸನ್ನಂತೂ ನಂಬಬೇಡಿ. ನಮ್ಮ ಮುತ್ತ್ಯಾನದೇ ಸೇವಾ ಪುಸ್ತಕದಲ್ಲಿ ಒಂದು, ಮರಣ ದಾಖಲೆಯಲ್ಲಿ ಒಂದು, ಪತ್ರಿಕೆಯಲ್ಲಿ ಒಂದು. ಸಾಲಿಗೆ ಸೇರಿಸುವಾಗ ಮಾಸ್ತರು ಜೂನ್ 1 ಅಂತ ಬರೆದುಬಿಟ್ಟ ಕಾಲ ಅದು. ಮರಣ ದಾಖಲೆಯಲ್ಲಿ ತೀರಿಕೊಂಡ ದಿನವನ್ನು ನಂಬಬಹುದು, ಯಾಕೆಂದರೆ ಅದನ್ನು ಕಂಡವರೇ ಬರೆಸಿರುತ್ತಾರೆ. ವಯಸ್ಸು ಅಳುತ್ತ ನಿಂತ ಮಗನೋ ಅಳಿಯನೋ ಹೇಳಿದ ಅಂದಾಜು. ಬೆಳಗಾವಿ ಕಡೆಯವರು ಕನ್ನಡದ 'ಸಂಯುಕ್ತ ಕರ್ನಾಟಕ'ದ ಜೊತೆ ಮರಾಠಿ 'ತರುಣ ಭಾರತ'ದ ಹಳೆಯ ಸಂಚಿಕೆಗಳನ್ನೂ ನೋಡಲೇಬೇಕು. ಒಂದೇ ಮನೆಯ ಎರಡು ಸಾವು ಎರಡು ಭಾಷೆಯಲ್ಲಿ ಅಚ್ಚಾಗಿರಬಹುದು.

ಹೆಣ್ಣುಮಕ್ಕಳ ಹೆಸರು ನನಗೆ ಸಿಕ್ಕಿದ್ದು ಕುಟುಂಬ ಪಿಂಚಣಿಯ ಕಾಗದದಲ್ಲಿ. ನಮ್ಮ ಆಯಿಯನ್ನು, ಅಂದರೆ ಮುತ್ತ್ಯಾನ ಹೆಂಡತಿಯನ್ನು, ಎಲ್ಲರೂ ಆಯಿ ಅಂತಲೇ ಕರೆದರು. ಗಂಡನ ಮನೆಯಲ್ಲಿ ಇಟ್ಟ ಹೆಸರೇ ಮತದಾರರ ಪಟ್ಟಿಯಲ್ಲಿತ್ತು. ಪಿಂಚಣಿಗೆ ಅರ್ಜಿ ಹಾಕುವಾಗ ಗುರುತಿಗಾಗಿ ತವರಿನ ಹೆಸರು, ಅವರಪ್ಪನ ಹೆಸರು, ಮುತ್ತ್ಯಾ ಹೋದ ಮೇಲೆ ಅವರು ಇದ್ದ ವಿಳಾಸ, ಸಣ್ಣ ಮಕ್ಕಳೆಲ್ಲರ ಹೆಸರು, ಎಲ್ಲ ಬರೆಸಿದ್ದಾರೆ. ವಿಳಾಸ ಅವರ ತವರೂರಿನದು, ಬಾಗಲಕೋಟೆ ಹತ್ತಿರದ್ದು. ಆಲಮಟ್ಟಿ ಹಿನ್ನೀರಿನಲ್ಲಿ ಅದು ಮುಳುಗಡೆಯಾಯಿತು. ಮನೆ ಹೋಯಿತು, ಊರ ರುದ್ರಭೂಮಿಯೂ ಹೋಯಿತು. ಆಯಿಯ ಅಪ್ಪನ ಗೋರಿ ನೋಡುತ್ತೇನೆ ಅಂದರೆ ನೀರು ನೋಡಬೇಕು. ಆ ಊರಿನ ಬೇರು ನಮ್ಮ ಪಾಲಿಗೆ ಉಳಿದದ್ದು ಒಬ್ಬ ಪೇದೆಯ ವಿಧವೆ ಹೆಬ್ಬೆಟ್ಟು ಒತ್ತಿದ ಅರ್ಜಿಯಲ್ಲಿ.

ಇದಕ್ಕಾಗಿ ಪೊಲೀಸ್ ಇಲಾಖೆಗೆ ನನ್ನದೊಂದು ಬೇಡಿಕೆ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ 10 ಪೊಲೀಸರು ಬಲಿಯಾದರು. ಆ ನೆನಪಿಗೆ ಪ್ರತಿ ವರ್ಷ ಅದೇ ದಿನ ಜಿಲ್ಲೆ ಜಿಲ್ಲೆಯ ಕವಾಯತು ಮೈದಾನದಲ್ಲಿ, ಆ ವರ್ಷ ಕರ್ತವ್ಯದ ಮೇಲೆ ತೀರಿಕೊಂಡವರ ಹೆಸರು ಓದುತ್ತಾರೆ. ದೆಹಲಿಯ ಚಾಣಕ್ಯಪುರಿಯಲ್ಲಿ 2018ರಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕವೂ ಆಯಿತು. ತುಂಬ ಗೌರವದ ಕೆಲಸ. ಆದರೆ ಮೈದಾನದಲ್ಲಿ ಓದಿದ ಹೆಸರು ಗಾಳಿಯಲ್ಲಿ ಹೋಗುತ್ತದೆ. ಹೆಸರಿನ ಜೊತೆ ತಂದೆ-ತಾಯಿ, ಊರು, ಹೆಂಡತಿ-ಮಕ್ಕಳ ಹೆಸರು ಸೇರಿಸಿ, ಮನೆಯವರ ಒಪ್ಪಿಗೆ ಪಡೆದು, ಜಿಲ್ಲೆಗೊಂದು ಸಣ್ಣ ಪುಸ್ತಿಕೆ ಅಚ್ಚುಹಾಕಿದರೆ ಖರ್ಚು ಎಷ್ಟು? ಗುಂಡು ತಾಗಿ ಸತ್ತವರಷ್ಟೇ ಅಲ್ಲ, ನಮ್ಮ ಮುತ್ತ್ಯಾನ ಹಾಗೆ ಬೇನೆ ಬಿದ್ದು ಕೆಲಸದಲ್ಲಿರುವಾಗಲೇ ಹೋದ ಪೇದೆಗಳೂ ಅದರಲ್ಲಿ ಬರಬೇಕು. ಅವರೂ ಮೂವತ್ತು ವರ್ಷ ರಾತ್ರಿ ಗಸ್ತು ತಿರುಗಿದವರು.

ಹಳೆಯ ಕಡತ ಬೇಕಾದವರು ಎಸ್‌ಪಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದೊಳಗೆ ಇರಬೇಕು. ಬಕಲ್ ನಂಬರ್, ಅಂದರೆ ಪೇದೆಯ ಗುರುತಿನ ಸಂಖ್ಯೆ ಗೊತ್ತಿದ್ದರೆ ತಪ್ಪದೆ ಬರೆಯಿರಿ, ಒಂದೇ ಹೆಸರಿನ ಪೇದೆಗಳು ಬಹಳ ಮಂದಿ. ಅವಧಿ ಮುಗಿದ ಕಡತಗಳನ್ನು ಕಚೇರಿಗಳು ವಿಲೇವಾರಿ ಮಾಡುತ್ತವೆ, ಅದಕ್ಕೆ ತಡ ಮಾಡಬೇಡಿ. ನಾನು ಈಗ ಸಿಂದಗಿಯ 1918ರ ಮರಣ ವಹಿಗೆ ಅರ್ಜಿ ಬರೆಯುತ್ತಿದ್ದೇನೆ. ಮುತ್ತ್ಯಾನ ಅಪ್ಪ ಇನ್‌ಫ್ಲುಯೆಂಜಾ ಬಂದ ವರ್ಷ ಹೋದರು ಅಂತ ಮನೆಯಲ್ಲಿ ಹೇಳುತ್ತಾರೆ. ಸೇವಾ ಪುಸ್ತಕದಿಂದ ಅವರ ಹೆಸರು ಸಿಕ್ಕಿದೆ, ಇನ್ನು ದಿನ ಸಿಗಬೇಕು.