ಸನ್ನಡತೆಗೆ 91 ದಿನ ರಜೆ

ಅಕ್ಕನ ಮಗಳ ಮದುವೆಗೆ ಮೂರು ದಿನ ರಜೆ ಕೇಳಿದ್ದೆ. ಮ್ಯಾನೇಜರ್ ಕನ್ನಡಕವನ್ನು ಹಣೆಗೇರಿಸಿ ಅರ್ಜಿಯನ್ನು ಎರಡು ಸಲ ಓದಿದರು.

"ಮದುವೆ ಭಾನುವಾರ ತಾನೇ? ಮಂಗಳವಾರದವರೆಗೆ ಯಾಕೆ?"

"ಬೀಗರೂಟ ಸಾರ್."

"ಸೋದರಮಾವ ಇಲ್ಲದಿದ್ರೆ ಬೀಗರಿಗೆ ಊಟ ಇಳಿಯಲ್ವಾ?"

ಒಂದು ದಿನವನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ ಸಹಿ ಮಾಡಿದರು. ವರ್ಷಕ್ಕೆ ನನಗಿರುವುದು 12 ಸಿ.ಎಲ್. ಅದರಲ್ಲೂ ಡಿಸೆಂಬರ್ ಕೊನೆಗೆ ಮೂರು ನಾಲ್ಕು ಸುಮ್ನೆ ಲ್ಯಾಪ್ಸ್ ಆಗುತ್ತವೆ. ಕೇಳಿದರೆ ಕೊಡಲ್ಲ, ಕೇಳದಿದ್ದರೆ ಉಳಿಯಲ್ಲ.

ಅವತ್ತು ಸಿಟ್ಟಿನಲ್ಲಿ ಬಸ್ ಹತ್ತಿ ಮೊಬೈಲ್ ತೆಗೆದಾಗ ನನಗೆ ಗುರುದರ್ಶನವಾಯಿತು. ಹರಿಯಾಣದ ಡೇರಾ ಸಚ್ಚಾ ಸೌದಾ ಪಂಥದ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್ ಸಿಂಗ್. ಮಿಕ್ಕ ವಿಷಯದಲ್ಲಿ ಅವರು ಯಾರ ಗುರುವೋ ನನಗೆ ಗೊತ್ತಿಲ್ಲ, ರಜೆ ಹಾಕುವ ವಿಷಯದಲ್ಲಿ ಮಾತ್ರ ನನ್ನ ಗುರು.

2017ರಲ್ಲಿ ಇಬ್ಬರು ಶಿಷ್ಯೆಯರ ಮೇಲಿನ ಅತ್ಯಾಚಾರಕ್ಕೆ ಅವರಿಗೆ 20 ವರ್ಷ ಶಿಕ್ಷೆಯಾಯಿತು. 2019ರಲ್ಲಿ ಪತ್ರಕರ್ತ ರಾಮ್ ಚಂದರ್ ಛತ್ರಪತಿ ಕೊಲೆ ಪ್ರಕರಣದಲ್ಲಿ ಸಿಬಿಐ ಕೋರ್ಟ್ ಜೀವಾವಧಿ ಕೊಟ್ಟಿತು. 2021ರಲ್ಲಿ ಇನ್ನೊಂದು ಕೊಲೆಗೆ ಇನ್ನೊಂದು ಜೀವಾವಧಿ ಬಂತು, ಅದರಿಂದ 2024ರಲ್ಲಿ, ಛತ್ರಪತಿ ಪ್ರಕರಣದಿಂದ 2026ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. ಕಂಬಿ ಎಣಿಸಲು ಅವರನ್ನು ಕಳಿಸಿದ್ದು ರೋಹ್ಟಕ್ ಹತ್ತಿರದ ಸುನಾರಿಯಾ ಜೈಲಿಗೆ. ಅವರು ಅಲ್ಲಿ ಕಂಬಿ ಎಣಿಸಿದರೋ ಕ್ಯಾಲೆಂಡರ್ ಎಣಿಸಿದರೋ, ನೀವೇ ನೋಡಿ.

ಹರಿಯಾಣದಲ್ಲಿ 2022ರಲ್ಲಿ ಒಂದು ಕಾಯ್ದೆ ಬಂತು. ಸನ್ನಡತೆಯ ಕೈದಿಗಳ ತಾತ್ಕಾಲಿಕ ಬಿಡುಗಡೆಗೆ ಅಂತ ಅದರ ಹೆಸರಲ್ಲೇ ಇದೆ. ವರ್ಷಕ್ಕೆ 10 ವಾರ ಪೆರೋಲ್, 3 ವಾರ ಫರ್ಲೋ. ಪೆರೋಲ್ ಅಂದರೆ ನಮ್ಮ ಸಿ.ಎಲ್. ಇದ್ದ ಹಾಗೆ, ಕಾರಣ ಹೇಳಬೇಕು. ಫರ್ಲೋ ಇ.ಎಲ್. ಥರ, ಒಳಗಿದ್ದು ಗಳಿಸಿದ್ದು. ಒಟ್ಟು 91 ದಿನ. ಈಗ ಬಾಬಾ ಅವರ ರಜೆ ಪುಸ್ತಕ ತೆಗೆಯಿರಿ. 2022ರಲ್ಲಿ 21, 30, 40. ಕೂಡಿದರೆ 91. 2023ರಲ್ಲಿ 40, 30, 21. ಮತ್ತೆ 91. 2024ರಲ್ಲಿ 50, 21, 20. 2025ರಲ್ಲಿ 30, 21, 40. ನಾನು ಮೂರು ಸಲ ಕೂಡಿಸಿದೆ, ಕ್ಯಾಲ್ಕುಲೇಟರ್ ಕೆಟ್ಟಿಲ್ಲ. ಒಂದೇ ಒಂದು ದಿನ ಲ್ಯಾಪ್ಸ್ ಆಗಿಲ್ಲ! ನಾಲ್ಕು ವರ್ಷಕ್ಕೆ 364 ದಿನ. ಪೂರ್ತಿ ಒಂದು ವರ್ಷಕ್ಕೆ ಒಂದು ದಿನ ಕಮ್ಮಿ. ಆ ಒಂದು ದಿನ ಬಿಟ್ಟುಕೊಟ್ಟಿದ್ದೇ ಸನ್ನಡತೆ ಇರಬೇಕು.

ಮುಹೂರ್ತ ನೋಡುವುದರಲ್ಲೂ ಅವರನ್ನು ಮೀರಿಸುವವರಿಲ್ಲ. 2022ರ ಫೆಬ್ರವರಿಯಲ್ಲಿ ಹೊರಬಂದರು, ಅದೇ ತಿಂಗಳು ಪಂಜಾಬ್ ಚುನಾವಣೆ. ಅಕ್ಟೋಬರಿನಲ್ಲಿ ಬಂದರು, ಮುಂದೆ ಹರಿಯಾಣದ ಆದಂಪುರ ಉಪಚುನಾವಣೆ. 2023ರ ನವೆಂಬರಿನಲ್ಲಿ ಬಂದರು, ರಾಜಸ್ಥಾನದಲ್ಲಿ ಮತದಾನ. 2024ರಲ್ಲಿ ಹರಿಯಾಣದ ಮತದಾನ ಅಕ್ಟೋಬರ್ 5ಕ್ಕೆ, ಇವರು ಗೇಟು ದಾಟಿದ್ದು 2ಕ್ಕೆ, ಅದೂ ಗಾಂಧಿ ಜಯಂತಿಯಂದು. 2025ರ ಫೆಬ್ರವರಿ 5ಕ್ಕೆ ದೆಹಲಿ ಚುನಾವಣೆ, ಇವರು ಜನವರಿ 28ಕ್ಕೇ ಹೊರಗೆ. ಹಾಗಂತ ಎಲ್ಲವೂ ಚುನಾವಣೆಗೇ ಅಂದರೆ ಅಪಪ್ರಚಾರವಾದೀತು. 2025ರ ಆಗಸ್ಟಿನಲ್ಲಿ ಬಂದಾಗ ಅವರ ಹುಟ್ಟುಹಬ್ಬ ಇತ್ತು.

2023ರ ಜನವರಿಯ ಒಂದು ವಿಡಿಯೊ ನೋಡಬೇಕು ನೀವು. ದೊಡ್ಡ ಕೇಕು. ಅದನ್ನು ಕತ್ತರಿಸಲು ಕತ್ತಿ. ಪ್ಲಾಸ್ಟಿಕ್ ಚಾಕು ಅಲ್ಲ, ಉದ್ದನೆಯ ನಿಜವಾದ ಕತ್ತಿ. ಆಗ ಕೊಲೆ ಕೇಸಿನಲ್ಲಿ ಶಿಕ್ಷೆಯಾಗಿದ್ದವರು, ಪೆರೋಲ್ ಮೇಲೆ ಹೊರಗಿರುವವರು, ಕತ್ತಿ ಹಿಡಿದು ಕೇಕಿನ ಮುಂದೆ ನಿಂತಿದ್ದಾರೆ. ಐದು ವರ್ಷದ ಮೇಲೆ ಸಿಕ್ಕ ಅವಕಾಶ, ಐದಾದರೂ ಕೇಕು ಕತ್ತರಿಸಬೇಕು ಎನ್ನುವ ಅರ್ಥದ ಮಾತು ಬೇರೆ. ನಮ್ಮೂರಿನ ಕಡೆ ಪೆರೋಲ್ ಮೇಲೆ ಬಂದವನು ಕುಡುಗೋಲು ಹಿಡಿದು ಹುಲ್ಲು ಕೊಯ್ಯಲು ಹೋದರೂ ಬೀಟ್ ಪೊಲೀಸ್ ಓಡಿ ಬರುತ್ತಾನೆ.

ಕೋರ್ಟಿನ ಮುಂದೆ ಹರಿಯಾಣ ಸರ್ಕಾರ ಹೇಳಿದ್ದು, ಇವರು 'ಹಾರ್ಡ್‌ಕೋರ್' ಕೈದಿಗಳ ಪಟ್ಟಿಗೆ ಸೇರುವವರಲ್ಲ ಅಂತ. ಇರಬಹುದು. 2017ರಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂದ ದಿನ ಪಂಚಕುಲದಲ್ಲಿ ಗಲಭೆಯಾಗಿ 30ಕ್ಕೂ ಜಾಸ್ತಿ ಜನ ಸತ್ತರು. ಅಂಥವರು ಹೊರಬಂದರೆ ಶಾಂತಿಭಂಗವಾಗಲ್ಲ. ಬದಲಿಗೆ 2022ರಲ್ಲಿ ಅವರಿಗೇ ಝಡ್ ಪ್ಲಸ್ ಭದ್ರತೆ ಕೊಟ್ಟರು. ಸುನಾರಿಯಾ ಜೈಲನ್ನು ಒಂದು ಕಾಲದಲ್ಲಿ ನೋಡಿಕೊಂಡಿದ್ದ ಸೂಪರಿಂಟೆಂಡೆಂಟ್ ಒಬ್ಬರು ಮುಂದೆ ಕೆಲಸ ಬಿಟ್ಟು, 2024ರಲ್ಲಿ ಆಡಳಿತ ಪಕ್ಷದಿಂದ ಚುನಾವಣೆಗೆ ನಿಂತು ಶಾಸಕರಾದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ. ಇಲ್ಲಿ ದೇವರು ಒಳಗೆ, ಪೂಜಾರಿ ಬೀಗದ ಕೈ ಹಿಡಿದು ಹೊರಗೆ. ಜಗಳಕ್ಕೆ ಜಾಗವೇ ಇಲ್ಲ.

ಶಾಂತಿಭಂಗ ಅಂದೆನಲ್ಲ, ಆ ಪದ ನಿಜವಾಗಿ ಕೆಲಸ ಮಾಡುವುದು ನಮ್ಮ ಕಡೆ. ಹೆಸರಿಲ್ಲದ ಒಬ್ಬ ಜೀವಾವಧಿ ಕೈದಿ ಪೆರೋಲ್ ಕೇಳಿದ ಅಂತಿಟ್ಟುಕೊಳ್ಳಿ. ಅರ್ಜಿ ಜೈಲಿನಿಂದ ಅವನ ಊರಿನ ಠಾಣೆಗೆ ಹೋಗುತ್ತದೆ. ಅಲ್ಲಿಂದ ಒಬ್ಬರು ಊರಿಗೆ ಹೋಗಿ ಅರಳಿಕಟ್ಟೆಯಲ್ಲಿ ಕೂತವರನ್ನು ಕೇಳುತ್ತಾರೆ. "ಅವ್ನು ಬಂದ್ರೆ ಹೆಂಗಪ್ಪಾ?" ಒಬ್ಬ ಮುಖ ತಿರುಗಿಸಿದ, ಇನ್ನೊಬ್ಬ ಎಲೆಅಡಿಕೆ ಉಗಿದ. ಸಾಕು, ವರದಿ ರೆಡಿ: 'ಸದರಿಯವನು ಬಂದಲ್ಲಿ ಗ್ರಾಮದಲ್ಲಿ ಶಾಂತಿಭಂಗವಾಗುವ ಸಂಭವವಿರುತ್ತದೆ.' ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

2023ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿಗೆ ಒಂದು ಅರ್ಜಿ ಬಂತು. ಕೊಲೆ ಕೇಸಿನ ಕೈದಿ, ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಬೇಕು. ಮದುವೆಯಾಗಲು ಪೆರೋಲ್ ಕೊಡುವ ನಿಯಮವೇ ಇಲ್ಲ, ಬೇರೆಯವರ ಮದುವೆಗೆ ಹೋಗುವುದಾದರೆ ಮಾತು ಬೇರೆ ಅನ್ನುವುದು ಸರ್ಕಾರದ ವಾದ. ಅಂದರೆ ಊಟಕ್ಕೆ ಹೋಗಬಹುದು, ತಾಳಿ ಕಟ್ಟಲು ಹೋಗುವಂತಿಲ್ಲ. ನಮ್ಮ ಮ್ಯಾನೇಜರ್ ಸಾಹೇಬರು ಇವರ ಮುಂದೆ ಎಷ್ಟೋ ವಾಸಿ ಅನ್ನಿಸಿತು. ಕೋರ್ಟ್ 15 ದಿನ ಕೊಟ್ಟಿತು, ಹುಡುಗಿಯ ಪುಣ್ಯ.

ಮರುವರ್ಷ ಡಿಸೆಂಬರಿನಲ್ಲಿ ಇನ್ನೊಬ್ಬ ಬಂದ. ರಾಮನಗರ ಜಿಲ್ಲೆಯವನು, ಜೀವಾವಧಿ ಕೈದಿ, ಒಳಗೆ ಹೋಗಿ 11 ವರ್ಷ. ಜಮೀನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಗಂಡಾಳಿಲ್ಲ, ಬೇಸಾಯ ಮಾಡಲು ಬಿಡಿ ಅಂತ ಕೇಳಿದ್ದ. ಜೈಲಿನವರು ಅರ್ಜಿ ತಳ್ಳಿಹಾಕಿದ್ದರು. ಹೈಕೋರ್ಟ್ ಷರತ್ತು ಹಾಕಿ 90 ದಿನ ಬಿಟ್ಟಿತು. ಗಮನಿಸಿ, ತೊಂಬತ್ತು. ಸುನಾರಿಯಾ ಲೆಕ್ಕಕ್ಕಿಂತ ಒಂದು ದಿನ ಕಮ್ಮಿ, ಅದೂ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ಪಾಪ, ಅವನ ಹೊಲ ಯಾವ ಮತಕ್ಷೇತ್ರದಲ್ಲಿ ಎಷ್ಟು ಓಟು ಬೆಳೆಯುತ್ತದೆ ಅಂತ ಅರ್ಜಿಯಲ್ಲಿ ಬರೆಯುವುದು ಅವನಿಗೆ ತೋಚಿರಲಿಕ್ಕಿಲ್ಲ.

ಮದುವೆ ಮಾತು ಬಂದಿದ್ದಕ್ಕೆ ಬಿಹಾರವೂ ನೆನಪಾಯಿತು. 1994ರಲ್ಲಿ ಜಿಲ್ಲಾಧಿಕಾರಿ ಜಿ. ಕೃಷ್ಣಯ್ಯ ಅವರ ಕೊಲೆಯಾಯಿತು. ಆ ಕೇಸಿನಲ್ಲಿ ಜೀವಾವಧಿ ಅನುಭವಿಸುತ್ತಿದ್ದ ಮಾಜಿ ಸಂಸದ ಆನಂದ್ ಮೋಹನ್ ಸಿಂಗ್ 2023ರ ಏಪ್ರಿಲ್‌ನಲ್ಲಿ ಮಗನ ನಿಶ್ಚಿತಾರ್ಥಕ್ಕೆ ಪೆರೋಲ್ ಮೇಲೆ ಬಂದಿದ್ದರು. ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನನ್ನು ಕೊಂದವರಿಗೆ ಅವಧಿಗೆ ಮುಂಚೆ ಬಿಡುಗಡೆ ಇಲ್ಲ ಅಂತ ಜೈಲು ಕೈಪಿಡಿಯಲ್ಲಿ ಒಂದು ಸಾಲಿತ್ತು. ಅದೇ ತಿಂಗಳು ಆ ಸಾಲನ್ನೇ ಅಳಿಸಿದರು. ಸಾಮಾನ್ಯವಾಗಿ ನಮ್ಮವರು ಚಾಪೆ ಕೆಳಗೆ, ರಂಗೋಲಿ ಕೆಳಗೆ ನುಸುಳುತ್ತಾರೆ. ಇಲ್ಲಿ ಅಷ್ಟೆಲ್ಲ ಬಗ್ಗುವುದು ಬೇಡ ಅಂತ ರಂಗೋಲಿಯನ್ನೇ ಒರೆಸಿದರು.

ಗೋಧ್ರಾ ಜೈಲಿನದು ಹೇಳುವಾಗ ತಮಾಷೆ ಬಾಯಿಗೆ ಬರುವುದಿಲ್ಲ. ಬಿಲ್ಕಿಸ್ ಬಾನು ಪ್ರಕರಣ, 2002ರ ಗುಜರಾತ್ ಗಲಭೆಯಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ, ಮನೆಯವರ ಕೊಲೆ. ಸತ್ತವರಲ್ಲಿ ಆಕೆಯ ಮೂರು ವರ್ಷದ ಮಗಳೂ ಇದ್ದಳು. 2022ರ ಆಗಸ್ಟ್ 15ರಂದು 11 ಮಂದಿ ಜೀವಾವಧಿ ಕೈದಿಗಳನ್ನು ಬಿಟ್ಟರು, ಹಾರ ಹಾಕಿದರು, ಸಿಹಿ ತಿನ್ನಿಸಿದರು. ಅವರದು ಒಳ್ಳೆಯ ಸಂಸ್ಕಾರ ಅಂತ ಅಲ್ಲಿನ ಶಾಸಕರೊಬ್ಬರು ಸರ್ಟಿಫಿಕೇಟನ್ನೂ ಕೊಟ್ಟರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟಿನಲ್ಲಿ ಉಜ್ಜಲ್ ಭುಯಾನ್ ಮತ್ತು ನಮ್ಮ ರಾಜ್ಯದವರೇ ಆದ ಬಿ.ವಿ. ನಾಗರತ್ನ ಅವರ ಪೀಠ ಆ ಬಿಡುಗಡೆಯನ್ನು ರದ್ದು ಮಾಡಿ, ಎರಡು ವಾರದಲ್ಲಿ ವಾಪಸ್ ಹೋಗಿ ಅಂದಿತು. ಆಗ ಬಂದ ನೆಪಗಳು: ಮಗನ ಮದುವೆ, ಬೆಳೆ ಕೊಯ್ಲು, ಹುಷಾರಿಲ್ಲ. ಮೂರನ್ನೂ ನಾನು ಆಫೀಸಿನಲ್ಲಿ ಉಪಯೋಗಿಸಿದ್ದೇನೆ. ಕೋರ್ಟ್ ಒಂದನ್ನೂ ಒಪ್ಪಲಿಲ್ಲ. ಆದರೆ ವಾಪಸ್ ಹೋಗಿ ಎರಡು ತಿಂಗಳೊಳಗೆ ಅವರಲ್ಲೊಬ್ಬರಿಗೆ ಸೋದರಳಿಯನ ಮದುವೆಗೆ ಪೆರೋಲ್ ಸಿಕ್ಕಿತು.

ಈ ಕೊನೆಯ ಸಾಲು ಓದಿದ ಮೇಲೆ ನನ್ನೊಳಗಿನ ಸೋದರಮಾವ ಎದ್ದು ನಿಂತ. ಮರುದಿನ ಬೆಳಗ್ಗೆ ಹೊಸ ಅರ್ಜಿ ಬರೆದೆ. ರಜೆ: ಮಂಗಳವಾರ, ಒಂದು ದಿನ. 'ಕಾರಣ' ಅಂತಿದ್ದ ಕಡೆ ದುಂಡಗೆ ಬರೆದೆ: ಸನ್ನಡತೆ.

ಮ್ಯಾನೇಜರ್ ಕನ್ನಡಕ ಮತ್ತೆ ಹಣೆಗೇರಿತು. ಬಹಳ ಹೊತ್ತು ನೋಡಿದರು.

"ಇದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ತಂದಿದ್ದೀರೇನ್ರೀ?"