ಅಡ್ಮಿನ್ ಸಾಹೇಬ್ರ, ಹಾಸಿಗಿ ಸುತ್ಕೊಳ್ರಿ

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆ ಪಾಸಾಯಿತಲ್ಲ, ಅದರ ಮರುದಿನ ಬೆಳಿಗ್ಗೆ ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಪೇಪರ್ ಕಟಿಂಗ್ ಹಾಕಿ ಕೆಳಗೆ ಒಂದೇ ಸಾಲು ಬರೆದಿದ್ದರು: "ಅಡ್ಮಿನ್ ಸಾಹೇಬ್ರ, ಹಾಸಿಗಿ ಸುತ್ಕೊಳ್ರಿ." ಜೈಲಿಗೆ ಹೋಗಲು ತಯಾರಾಗಿ ಅಂತ ಚೇಷ್ಟೆ. ಅದರ ಕೆಳಗೆ ಸಾಲಾಗಿ ನಗುವ ಮುಖಗಳು. ಆ ಅಡ್ಮಿನ್ ನಾನೇ. ನಾನೂ ಒಂದು ನಗುವ ಮುಖ ಒತ್ತಿ ಅಂಗಡಿ ಬಾಗಿಲು ತೆಗೆದೆ. ಆದರೆ ಆ ಸಾಲು ತಲೆಯಿಂದ ಹೋಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತಿದ್ದವರು ಓದಿ.

ಲಿಂಗಸುಗೂರು ತಾಲ್ಲೂಕಿನಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಗ್ರೂಪ್ ಶುರು ಮಾಡಿದ್ದು ಧರ್ಮ, ದೇಶ ಅಂತೆಲ್ಲ ಅಲ್ಲ. ಯೂರಿಯಾ ಲೋಡ್ ಬಂತು ಅಂದರೆ ನೂರು ಜನ ನೂರು ಸಲ ಫೋನ್ ಮಾಡುತ್ತಿದ್ದರು, ಆ ಕಿರಿಕಿರಿ ತಪ್ಪಲಿ ಅಂತ. ಆಮೇಲೆ ಬಲದಂಡೆ ಕಾಲುವೆಗೆ ನೀರು ಯಾವತ್ತು ಬಿಡ್ತಾರೆ ಅನ್ನೋದು ಬಂತು. ಸಾವಿನ ಸುದ್ದಿ, ಜಾತ್ರೆ ಪಟ್ಟಿ, ರಕ್ತ ಬೇಕಾಗಿದೆ, ಗುಡ್ ಮಾರ್ನಿಂಗ್ ಗುಲಾಬಿ. ಹೀಗೆ ಬೆಳೆದು ಬೆಳೆದು ಈಗ ಮುನ್ನೂರು ಚಿಲ್ಲರೆ ಮಂದಿ. ಅದರಲ್ಲಿ ಗುಡಿ ಕಮಿಟಿಯವರೂ ಇದ್ದಾರೆ, ಮಸೂತಿ ಕಮಿಟಿಯವರೂ ಇದ್ದಾರೆ. ಇಬ್ಬರಿಗೂ ನನ್ನಲ್ಲಿ ಸಾಲ ಇದೆ. ಹಾಗಾಗಿ ಇಬ್ಬರೂ ನನ್ನ ಮಾತು ಸ್ವಲ್ಪ ಕೇಳುತ್ತಾರೆ ಅಂತ ನಾನು ತಿಳಿದುಕೊಂಡಿದ್ದೇನೆ.

ಎರಡು ವರ್ಷದ ಹಿಂದೆ, ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಂಗೆ, ಮೂರು ದಿನ ಇತ್ತು. ರಾತ್ರಿ ಹತ್ತೂವರೆ. ಊಟಕ್ಕೆ ಕೂತಿದ್ದೆ. ಒಂದು ವಿಡಿಯೋ ಬಂತು. ಗುಂಪೊಂದು ಕಲ್ಲು ತೂರುತ್ತಿದೆ, ಕಿರುಚಾಟ, ಒಂದು ಬಾವುಟ ಕೆಳಗೆ ಬೀಳುತ್ತದೆ. ಜೊತೆಗೊಂದು ಸಾಲು: ಪಕ್ಕದೂರಲ್ಲಿ ಈಗ ನಡೀತಿದೆ, ಎಲ್ಲರೂ ಹುಷಾರು. ಊರಿನ ಹೆಸರು ಸಮೇತ. ಕಳಿಸಿದವರು ಯಾರೋ ಪುಂಡ ಹುಡುಗ ಅಲ್ಲ, ನನಗೇ ಅಕ್ಷರ ಕಲಿಸಿದ ರಿಟೈರ್ಡ್ ಮೇಷ್ಟ್ರು. ಎರಡೇ ನಿಮಿಷದಲ್ಲಿ ಏಳು ಜನ "ಹೌದೇನ್ರಿ?" ಅಂದರು, ಒಬ್ಬ "ನಡೀರಿ ಹೋಗೋಣ" ಅಂದ. ಆ "ನಡೀರಿ" ಓದಿದಾಗ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಎಡಗೈಯಲ್ಲೇ ಪಕ್ಕದೂರ ಕಿರಾಣಿ ಅಂಗಡಿಯವನಿಗೆ ಫೋನ್ ಹಚ್ಚಿದೆ. ನಾಲ್ಕು ರಿಂಗ್ ಆದ ಮೇಲೆ ಎತ್ತಿದ. "ಏ ಅಣ್ಣಾ, ಇಲ್ಲಿ ಕರೆಂಟೇ ಇಲ್ಲೋ. ಸೊಳ್ಳಿ ಕಾಟಕ್ಕ ಎಲ್ಲಾರೂ ಕಟ್ಟಿ ಮ್ಯಾಲ ಕುಂತೀವಿ. ಗಲಾಟಿ ಎಲ್ಲೈತಿ?" ಆಮೇಲೆ ವಿಡಿಯೋ ಮತ್ತೊಮ್ಮೆ ಹಚ್ಚಿ ನೋಡಿದೆ. ಹಿಂದಿನ ಅಂಗಡಿ ಬೋರ್ಡು ಬಂಗಾಳಿ ಅಕ್ಷರದಲ್ಲಿದೆ. ಮೂಲೆಯಲ್ಲೊಂದು ಸೈಕಲ್ ರಿಕ್ಷಾ ನಿಂತಿದೆ. ನಮ್ಮ ಸೀಮೆಯ ಹಳ್ಳಿಯಲ್ಲಿ ಯಾವ ಕಾಲಕ್ಕೆ ಸೈಕಲ್ ರಿಕ್ಷಾ ಓಡಿತ್ತು ಮಾರಾಯರೇ? ಮುನ್ನೂರು ಜೋಡಿ ಕಣ್ಣು ನೋಡಿದವು, ರಿಕ್ಷಾ ಯಾರಿಗೂ ಕಾಣಲಿಲ್ಲ. ಮೊದಲ ಸಲ ನನಗೂ ಕಂಡಿರಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದೆ. "ನಾನೇನು ಮಾಡಿದ್ನೋ? ಬಂದಿದ್ದು ಕಳಿಸಿದೆ, ಜನ ಹುಷಾರಾಗಿರ್ಲಿ ಅಂತ" ಅಂದರು. ಅವರ ದನಿಯಲ್ಲಿ ದ್ವೇಷ ಇರಲಿಲ್ಲ. ಹೆದರಿಕೆ ಇತ್ತು, ಊರಿಗೆ ತಾನು ಮೊದಲು ಸುದ್ದಿ ಮುಟ್ಟಿಸಿದೆ ಅನ್ನೋ ಸಣ್ಣ ಹೆಮ್ಮೆಯೂ ಇತ್ತು. ನನ್ನ ಇಡೀ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ನಮ್ಮ ಕಾನೂನುಗಳೆಲ್ಲ ಒಬ್ಬ ದುಷ್ಟನನ್ನು ಹುಡುಕಿಕೊಂಡು ಹೊರಟಿವೆ. ಈ ವ್ಯವಹಾರದಲ್ಲಿ ದುಷ್ಟ ಒಬ್ಬ ಎಲ್ಲೋ ಇರುತ್ತಾನೆ, ಆದರೆ ಬೆಂಕಿ ಮನೆಮನೆಗೆ ಮುಟ್ಟಿಸುವವರು ಮೇಷ್ಟ್ರಂಥ ಒಳ್ಳೆಯವರು.

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ನೆನಪಿದೆಯೇ? 2018ರ ಜುಲೈ 13. ಹೈದರಾಬಾದಿನಿಂದ ಗೆಳೆಯರೊಂದಿಗೆ ಬಂದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನೋ ಗುಲ್ಲೆದ್ದಿತು. ಹೆದರಿ ಕಾರು ಓಡಿಸಿದರು. ಕಾರಿಗಿಂತ ಮೊದಲು ವಾಟ್ಸಾಪ್ ಮುರ್ಕಿ ಮುಟ್ಟಿತ್ತು. ಕಾರು ಹಳ್ಳಕ್ಕೆ ಬಿತ್ತು, ಮಂದಿ ಮುತ್ತಿಕೊಂಡರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು, ಎಂಜಿನಿಯರ್ ಉಳಿಯಲಿಲ್ಲ. ಅದಕ್ಕೂ ಎರಡು ತಿಂಗಳ ಮುಂಚೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಹುಡುಗನೊಬ್ಬನನ್ನು ಇದೇ ಗುಮಾನಿಯಲ್ಲಿ ಹೊಡೆದು ಕೊಂದಿದ್ದರು. ಅದೇ ಜುಲೈ ಒಂದರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಭಿಕ್ಷೆ ಬೇಡಲು ಬಂದ ಅಲೆಮಾರಿಗಳು, ಐದು ಜನ.

ಆ ವರ್ಷ ದೇಶವೆಲ್ಲ ಓಡಾಡಿದ ಮಕ್ಕಳ ಕಳ್ಳರ ವಿಡಿಯೋ ನೀವೂ ನೋಡಿರುತ್ತೀರಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ಮಾಡಿದ ಜಾಗೃತಿ ಜಾಹೀರಾತು! ಪೂರ್ತಿ ವಿಡಿಯೋದಲ್ಲಿ ಅದೇ ಬೈಕಿನವರು ವಾಪಸ್ ಬಂದು ಮಗುವನ್ನು ಬಿಟ್ಟು, ಮಕ್ಕಳ ಮೇಲೆ ನಿಗಾ ಇಡಿ ಅನ್ನುವ ಫಲಕ ತೋರಿಸುತ್ತಾರೆ. ಆ ಕೊನೆಯ ತುಂಡನ್ನು ಯಾರೋ ಕತ್ತರಿಸಿ ಬಿಸಾಕಿದ್ದರು, ಅಷ್ಟೇ.

2021ರ ಐಟಿ ನಿಯಮದಲ್ಲಿ ಕೇಂದ್ರ ಸರ್ಕಾರ ಏನು ಕೇಳಿತು ಅಂದರೆ, ದೊಡ್ಡ ಮೆಸೇಜಿಂಗ್ ಕಂಪನಿಗಳು ಒಂದು ಸಂದೇಶದ ಮೂಲ ಕರ್ತೃ ಯಾರು ಅಂತ ಹುಡುಕಿಕೊಡುವ ಏರ್ಪಾಡು ಇಟ್ಟುಕೊಳ್ಳಬೇಕು. ವಾಟ್ಸಾಪ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಹಾಗೆ ಹುಡುಕಬೇಕಾದರೆ ಎಲ್ಲರ ಮಾತಿನ ಬೀಗ ಮುರಿಯಬೇಕು ಅನ್ನೋದು ಅದರ ವಾದ. ಕಂಪನಿಯ ಮೇಲೆ ನನಗೇನೂ ಪ್ರೀತಿಯಿಲ್ಲ. ಆದರೆ ಒಂದು ಕ್ಷಣ ಯೋಚಿಸಿ. ಮಕ್ಕಳ ಕಳ್ಳರ ವಿಡಿಯೋದ ಮೂಲ ಕರ್ತೃ ಯಾರು? ಕರಾಚಿಯ ಒಳ್ಳೆಯ ಜನ. ಕತ್ತರಿಸಿದವನು ಎರಡನೆಯವನು. ಊರಿನ ಹೆಸರು ಸೇರಿಸಿದವನು ಇನ್ನೊಬ್ಬ. "ನಡೀರಿ ಹೋಗೋಣ" ಅಂದವನು ಮತ್ತೊಬ್ಬ. ಕೈಯಿಂದ ಕೈಗೆ ಹೋಗುತ್ತ ಹೋಗುತ್ತ ಬೆಳೆಯುವ ಅಪರಾಧಕ್ಕೆ ಒಂದು ಬೇರು ಹುಡುಕಿ ಕಿತ್ತರೆ ಮುಗಿಯಿತು ಅಂದರೆ, ಕಸ ಕಿತ್ತು ಗೊತ್ತಿದ್ದ ಯಾವ ರೈತನೂ ಒಪ್ಪೋದಿಲ್ಲ. ಕರಿಕೆ ಹುಲ್ಲಿಗೆ ಗೆಣ್ಣು ಗೆಣ್ಣಿಗೂ ಬೇರು.

ಇದಕ್ಕೆಲ್ಲ ವಾಟ್ಸಾಪೇ ಬೇಕು ಅಂತೇನಿಲ್ಲ. 2012ರ ಆಗಸ್ಟ್. ನಾನಾಗ ಬೆಂಗಳೂರಲ್ಲಿ ಸಣ್ಣ ಕೆಲಸದಲ್ಲಿದ್ದೆ. ಅಸ್ಸಾಮಿನ ಕೋಕ್ರಾಝಾರ್ ಕಡೆ ಗಲಭೆ ನಡೆದಿತ್ತು. ಬೆಂಗಳೂರಲ್ಲಿರೋ ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್‌ಎಂಎಸ್ ಹರಿದಾಡಿತು. ಆಗಿನ ಗೃಹ ಸಚಿವ ಆರ್. ಅಶೋಕ್ ರೈಲ್ವೆ ಸ್ಟೇಷನ್ನಿಗೇ ಹೋಗಿ ಹೋಗಬೇಡಿ ಅಂದರೂ ಜನ ನಿಲ್ಲಲಿಲ್ಲ, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಅಸ್ಸಾಮಿನವನು. ಸಂಜೆ ನನ್ನ ರೂಮಿಗೆ ಬಂದು ಮೂರು ಲೀಟರಿನ ಕುಕ್ಕರ್ ಇಟ್ಟು, ಬಂದ ಮೇಲೆ ಒಯ್ತೀನಿ ಅಂದ. ಬರಲಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಎರಡು ಸಲ ಬದಲಾಯಿಸಿದ್ದೇನೆ.

ಆಗ ಕೇಂದ್ರ ಗೃಹ ಇಲಾಖೆ ಮಾಡಿದ್ದೇನು? ಹದಿನೈದು ದಿನ ಬಲ್ಕ್ ಎಸ್‌ಎಂಎಸ್ ಬಂದ್. ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಳಿಸುವ ಹಾಗಿಲ್ಲ. ಆರು ವರ್ಷದ ನಂತರ, ಮುರ್ಕಿಯಾದ ಮೇಲೆ, ವಾಟ್ಸಾಪ್ ಭಾರತದಲ್ಲಿ ಹೇಳಿದ್ದೂ ಅದನ್ನೇ: ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್. 2019ರ ಜನವರಿಯಲ್ಲಿ ಅದನ್ನು ಲೋಕಕ್ಕೆಲ್ಲ ತಂದಿತು. 2020ರ ಏಪ್ರಿಲ್‌ನಲ್ಲಿ, ಹಲವು ಸಲ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದ ಸಂದೇಶವನ್ನು ಒಂದೇ ಕಡೆ ಕಳಿಸಬಹುದು ಅಂತ ಬಿಗಿ ಮಾಡಿತು. ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಯಾರನ್ನೂ ಜೈಲಿಗೆ ಹಾಕಲಿಲ್ಲ, ಯಾರ ಮಾತೂ ಕದ್ದು ಕೇಳಲಿಲ್ಲ. ಓಟಕ್ಕೆ ಒಂದು ರೋಡ್ ಹಂಪ್ ಹಾಕಿದರು, ಅಷ್ಟೇ. ಹಾಗಾದರೆ ಈ ಹಂಪ್ ಮುಂಚೆಯೇ ಯಾಕೆ ಹಾಕಲಿಲ್ಲ? ಓಟವೇ ಅವರ ದಂಧೆ ಆಗಿದ್ದಕ್ಕೆ. ಹೆಣ ಬಿದ್ದ ಮೇಲೆ ಹಂಪ್ ಹಾಕುವುದು ನಮ್ಮ ಹೆದ್ದಾರಿಯವರಿಗಷ್ಟೇ ಗೊತ್ತಿರುವ ವಿದ್ಯೆಯಲ್ಲ.

ಈಗ ರಾಜಕೀಯಕ್ಕೆ ಬರುತ್ತೇನೆ. ಪಕ್ಷದ ಗೆಳೆಯರು ಬೈಯಬಹುದು, ಎರಡೂ ಕಡೆಯವರು.

66ಎ ಅನ್ನೋ ಸೆಕ್ಷನ್ ಇತ್ತು. ಮನಮೋಹನ್ ಸಿಂಗ್ ಸರ್ಕಾರ 2008ರಲ್ಲಿ ಐಟಿ ಕಾಯ್ದೆಗೆ ಸೇರಿಸಿದ್ದು. ಇನ್ನೊಬ್ಬರಿಗೆ ಕಿರಿಕಿರಿ ಆಗುವಂಥದ್ದು ಬರೆದರೂ ಮೂರು ವರ್ಷ ಜೈಲು ಅನ್ನುವಷ್ಟು ಜಾಳು ಜಾಳಾದ ಸೆಕ್ಷನ್. 2012ರಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಯಾಕೆ ಬಂದ್ ಆಗಬೇಕು ಅಂತ ಒಬ್ಬ ಹುಡುಗಿ ಫೇಸ್‌ಬುಕ್ಕಲ್ಲಿ ಕೇಳಿದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಪಾಲ್ಘರ್‌ನ ಇಬ್ಬರೂ ಹುಡುಗಿಯರನ್ನು ಪೊಲೀಸರು ಎತ್ತಿಕೊಂಡು ಹೋದರು. 2014ರಲ್ಲಿ ಸರ್ಕಾರ ಬದಲಾಯಿತು. ಸುಪ್ರೀಂ ಕೋರ್ಟಿನಲ್ಲಿ ಹೊಸ ಸರ್ಕಾರ ಏನು ಮಾಡಿತು? ಆ ಸೆಕ್ಷನ್ ಇರಲಿ ಅಂತಲೇ ವಾದ ಮಾಡಿತು. ಒಬ್ಬರು ಹೆತ್ತ ಕೂಸನ್ನು ಇನ್ನೊಬ್ಬರು ಎತ್ತಿ ಆಡಿಸಿದರು. 2015ರ ಮಾರ್ಚ್ 24ಕ್ಕೆ ಕೋರ್ಟ್ ಅದನ್ನು ರದ್ದು ಮಾಡಿತು. ತಮಾಷೆ ಅದಲ್ಲ. ಸತ್ತ ಸೆಕ್ಷನ್ ಅಡಿ ಠಾಣೆಗಳಲ್ಲಿ ಕೇಸು ಬೀಳುವುದು ನಿಲ್ಲಲೇ ಇಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ, ಇದರಡಿ ಯಾರ ಮೇಲೂ ಕೇಸು ನಡೆಸಬೇಡಿ ಅಂತ ಹೇಳಬೇಕಾಯಿತು.

ಆದ್ದರಿಂದ ಹೊಸ ಮಸೂದೆ ನೋಡಿದಾಗ ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ. ದ್ವೇಷ ಕಾರುವವರ ಮೇಲೆ ನನಗೇನೂ ಕನಿಕರವಿಲ್ಲ. ವೇದಿಕೆ ಮೇಲೆ ನಿಂತು ಇಂಥವರ ಅಂಗಡಿಗೆ ಹೋಗಬೇಡಿ ಅಂದವರನ್ನು ಒಳಗೆ ಹಾಕಲು ಹಳೆಯ ಕಾನೂನೇ ಸಾಕಿತ್ತು. ಐಪಿಸಿಯಲ್ಲಿ 153ಎ, 295ಎ ಇದ್ದವು, ಈಗಿನ ನ್ಯಾಯ ಸಂಹಿತೆಯಲ್ಲಿ 196, 299 ಇವೆ. ಕಾನೂನಿಗೆ ಬರ ಇರಲಿಲ್ಲ, ಮೈಕ್ ಹಿಡಿದ ದೊಡ್ಡವರ ಮೇಲೆ ಕೈ ಹಾಕುವ ಎದೆಗೆ ಬರ ಇತ್ತು. ಹೊಸದರಲ್ಲಿ ಏಳು ವರ್ಷದವರೆಗೆ ಶಿಕ್ಷೆ, ಜಾಮೀನು ಇಲ್ಲದ ಅಪರಾಧ. ಅದೇ ಎದೆ, ಅದೇ ಠಾಣೆ. ಹಾಗಾದರೆ ಬಲೆಗೆ ಬೀಳುವವರು ಯಾರು? ನನ್ನ ಮೇಷ್ಟ್ರು. ಇಲ್ಲವೇ ಕುಡಿದು ಏನೋ ಕಮೆಂಟ್ ಒತ್ತಿದ ಹತ್ತೊಂಬತ್ತರ ಹುಡುಗ. ಇನ್ನು ಸದನದಲ್ಲಿ ಇದನ್ನು ವಾಕ್ ಸ್ವಾತಂತ್ರ್ಯದ ಕೊಲೆ ಅಂದ ವಿರೋಧ ಪಕ್ಷದವರ ಮಾತು ಕೇಳಿ ನಗು ಬಂತು. ಅವರ ಕೈಯಲ್ಲಿ ಅಧಿಕಾರ ಇದ್ದ ಕಡೆಗಳಲ್ಲಿ ವ್ಯಂಗ್ಯಚಿತ್ರಕ್ಕೂ ನೋಟಿಸು ಹೋದದ್ದು ನಾವು ನೋಡಿಲ್ಲವೇ? ನಾಳೆ ಅವರೇ ಕುರ್ಚಿಗೆ ಬಂದರೆ ಇದನ್ನು ಹರಿದು ಹಾಕುತ್ತಾರೆ ಅಂತ ನಂಬುವವರು ಕೈ ಎತ್ತಿ.

ಅಡ್ಮಿನ್‌ಗೆ ಜೈಲು ಅಂತೀರಾ? ಮುರ್ಕಿ ಕೇಸಿನಲ್ಲಿ ಗ್ರೂಪಿನ ಅಡ್ಮಿನ್‌ನನ್ನು ಹಿಡಿದಿದ್ದರು. 2022ರಲ್ಲಿ ಕೇರಳ ಹೈಕೋರ್ಟ್, ಮೆಂಬರ್ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಅಂದಿದೆ. ತೀರ್ಪು ಪ್ರಿಂಟ್ ತೆಗೆದು ಅಂಗಡಿಯ ಗಲ್ಲಾದಲ್ಲಿಟ್ಟುಕೊಂಡಿದ್ದೇನೆ. ಅದು ಠಾಣೆಯ ಬಾಗಿಲಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತೋ ದೇವರೇ ಬಲ್ಲ.

ಧರ್ಮದ ವಿಷಯ ನಾನು ಬರೆಯದೇ ಇದ್ದರೂ ನಡೆಯುತ್ತಿತ್ತು, ಆದರೆ ನಮ್ಮ ಕಡೆಯ ಅಲಾಯಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮುದಗಲ್ಲಿನ ಮೊಹರಂ ಹೆಸರು ಕೇಳಿರುತ್ತೀರಿ. ಸುತ್ತಲಿನ ಹಳ್ಳಿಗಳಲ್ಲೂ ಪಂಜಾ ರೂಪದ ದೇವರು ಕೂಡುತ್ತವೆ. ಒಬ್ಬ ಮುಸಲ್ಮಾನನ ಮನೆಯೂ ಇಲ್ಲದ ಊರಲ್ಲೂ ಬೆಂಕಿ ಹಾಕುವ ಅಲಾಯಿ ಕುಣಿ ಇರುತ್ತದೆ. ನಮ್ಮವ್ವ ಹರಕೆ ಹೊತ್ತು ನನ್ನನ್ನು ಐದು ವರ್ಷ ಫಕೀರ ಮಾಡಿದ್ದಳು. ಕೊರಳಲ್ಲಿ ಕೆಂಪು ಲಾಡಿ, ಬಾಯಲ್ಲಿ ಚೊಂಗೆ. ಸಕ್ಕರೆ ಓದಿಸುವ ಸರದಿಯಲ್ಲಿ ಮೇಷ್ಟ್ರೂ ನಿಲ್ಲುತ್ತಿದ್ದರು, ಈಗಲೂ ನಿಲ್ಲುತ್ತಾರೆ. ಅದೇ ಕೈಯಿಂದ ರಾತ್ರಿ ಆ ವಿಡಿಯೋ ಕಳಿಸುತ್ತಾರೆ. ಈ ಎರಡು ಮೇಷ್ಟ್ರು ಒಬ್ಬರೇ ಹೇಗೆ ಅನ್ನೋದು ನನಗಿನ್ನೂ ಬಿಡಿಸಲಾಗದ ಲೆಕ್ಕ.

ಕಳೆದ ಅಲಾಯಿಗೆ ನಾನೂ ಒಂದು ಹಂಪ್ ಹಾಕಿದೆ. ಐದು ದಿನ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು ಅಂತ ಸೆಟ್ಟಿಂಗ್ ಮಾಡಿದೆ. ಹಾಯಾಗಿತ್ತು. ಇಂಟರ್ನೆಟ್ ಬಂದ್ ಮಾಡುವ ಜಿಲ್ಲಾಡಳಿತಕ್ಕೆ ಎಂಥಾ ಸುಖ ಸಿಗುತ್ತೆ ಅಂತ ಆವತ್ತು ತಿಳಿಯಿತು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಹೋದ 4ಜಿ ವಾಪಸ್ ಬಂದದ್ದು 2021ರ ಫೆಬ್ರವರಿಗೆ. ಒಮ್ಮೆ ಗುಂಡಿ ಒತ್ತಿ ರುಚಿ ಕಂಡವರಿಗೆ ಬಿಡೋದು ಕಷ್ಟವೇ.

ಕತ್ತಲ ರಾತ್ರಿ ದಿನ, ಅಂದರೆ ಹಬ್ಬದ ಕಡೆಯ ದಿನದ ಹಿಂದಿನ ರಾತ್ರಿ, ಹನ್ನೊಂದೂವರೆಗೆ ಬಾಗಿಲು ಬಡಿದರು. ಕೆಳಗಿನ ಓಣಿಯ ಮಾವ, ಕೈಯಲ್ಲಿ ಬ್ಯಾಟರಿ. "ಗ್ರೂಪ್ ಯಾಕ್ ಕೀಲಿ ಹಾಕೀದಿ? ಎಮ್ಮಿ ಕಳದೈತಿ, ಹಾಲ ಹಿಂಡೋ ಎಮ್ಮಿ. ತಾಸಿನಿಂದ ಒತ್ತಾಕತ್ತೀನಿ, ಹೋಗವಲ್ದು."

ಕೀಲಿ ತೆಗೆದೆ. ಎಮ್ಮೆ ಫೋಟೋ ಹಾಕಿದರು. ಆರು ನಿಮಿಷಕ್ಕೆ ಉತ್ತರ ಬಂತು, ಮೇಷ್ಟ್ರದೇ: "ದರ್ಗಾದ ಹಿಂದ ಬೇವಿನ ಗಿಡಕ್ಕ ಕಟ್ಟೀನಿ. ಒಂಬತ್ತಕ್ಕನ ಹಾಕಬೇಕಂತಿದ್ದೆ, ಹೋಗಲಿಲ್ಲ."