ನನ್ನ ಬ್ಯಾಗ್ ಬಿಚ್ಚಿಸೋಕೆ ಅವನ್ಯಾರು?

ಮನೆಗೆ ಬಂದು ಇಷ್ಟು ಹೊತ್ತಾದ್ರೂ ಕೈ ನಡುಗೋದು ನಿಂತಿಲ್ಲ. ಎಣ್ಣೆ ಬಾಟಲಿ ಮುಚ್ಚಳ ತೆಗೆದು ಮೂಸಿ ನೋಡಿದ್ನಲ್ಲ ಆ ಅಪಾರ್ಟ್‌ಮೆಂಟ್ ಸೆಕ್ರೆಟರಿ, ಅಷ್ಟು ಜನರ ಮುಂದೆ!

ನಾನು ಮನೆಗಳಿಗೆ ಹೋಗಿ ಆಯುರ್ವೇದದ ಎಣ್ಣೆ ಚಿಕಿತ್ಸೆ ಮಾಡೋಳು. ಆ ಅಪಾರ್ಟ್‌ಮೆಂಟಲ್ಲಿರೋ ಅಜ್ಜಿಯೊಬ್ಬರಿಗೆ ಇವತ್ತು ಎಲೆಕಿಳಿ ಇತ್ತು, ಅಂದ್ರೆ ಹುರಿದ ಸೊಪ್ಪಿನ ಬಿಸಿ ಗಂಟಿಂದ ಶಾಖ ಕೊಡೋದು. ಬೆಳಗ್ಗೆ ಎದ್ದು ಎಕ್ಕದೆಲೆ, ಹರಳೆಲೆ, ಲಕ್ಕಿ ಸೊಪ್ಪು, ನುಗ್ಗೆ ಸೊಪ್ಪು ಎಲ್ಲ ಹೆಚ್ಚಿ, ತೆಂಗಿನತುರಿ, ನಿಂಬೆಹಣ್ಣು ಹಾಕಿ ಹುರಿದು, ಗಂಟು ಕಟ್ಟಿಕೊಂಡು ಹೋಗಿದ್ದೆ. ಗೇಟಲ್ಲಿ ದಿನಾ ಇರೋ ಅಣ್ಣ ಇರಲಿಲ್ಲ, ಹೊಸಬ. ರಿಜಿಸ್ಟರಲ್ಲಿ ಬಂದ ಕಾರಣ ‘ಮಸಾಜ್’ ಅಂತ ಬರೆದೆ. ಅದನ್ನ ಓದಿ ನನ್ನನ್ನ ಕೆಳಗಿಂದ ಮೇಲಕ್ಕೆ ನೋಡಿ, ಯಾರಿಗೋ ಫೋನ್ ಮಾಡಿದ. ಇಳಿದು ಬಂದಿದ್ದು ಅಜ್ಜಿ ಮನೆಯವರಲ್ಲ, ಸೆಕ್ರೆಟರಿ.

‘ಬ್ಯಾಗಲ್ಲಿ ಏನಿದೆ, ತೆಗೀರಿ.’

ನಾನು ಡಾಕ್ಟರ್ ಚೀಟಿ ಕೊಟ್ಟೆ. ಯಾವ ಎಣ್ಣೆ, ಯಾವ ಚಿಕಿತ್ಸೆ, ಎಷ್ಟು ದಿನ, ಎಲ್ಲ ಬರೆದಿರೋ ಚೀಟಿ. ಮಡಿಕೆ ಬಿಚ್ಚಿ ಕೂಡ ನೋಡಲಿಲ್ಲ, ಟೇಬಲ್ ಮೇಲೆ ಎಸೆದ. ಡೆಲಿವರಿ ಹುಡುಗರು ನಿಂತಿದ್ದಾರೆ, ಶಾಲೆ ವ್ಯಾನಿಗೆ ಕಾಯ್ತಾ ತಾಯಂದಿರು ನಿಂತಿದ್ದಾರೆ. ಅವರ ಮುಂದೆ ನಾನು ಒಂದೊಂದೇ ತೆಗೆದಿಡಬೇಕು. ಒಗೆದು ಇಸ್ತ್ರಿ ಮಾಡಿದ ಎರಡು ಬೆಡ್‌ಶೀಟು, ಟವೆಲು, ಕಿಳಿ ಗಂಟು, ಬಾಣಲೆ, ಧನ್ವಂತರ ತೈಲದ ಬಾಟಲಿ. ಅವನು ಬಾಟಲಿ ತೆಗೆದು ಮೂಸಿದ. ಟವೆಲನ್ನ ಎರಡೇ ಬೆರಳಲ್ಲಿ ಎತ್ತಿ ಕೊಡವಿದ. ಆಮೇಲೆ ಕೇಳಿದ, ‘ಗಂಡಸರಿಗೂ ಮಾಡ್ತೀರಾ? ಬೇರೆ ಸರ್ವಿಸ್ ಏನಾದ್ರೂ ಇದೆಯಾ?’

ಸೆಕ್ಯುರಿಟಿಯವನು ನಕ್ಕ. ಡೆಲಿವರಿ ಹುಡುಗರಲ್ಲಿ ಒಬ್ಬ ಪಾಪ ತಲೆ ತಗ್ಗಿಸಿದ.

‘ಇಲ್ಲ ಸಾರ್, ನಮ್ಮಲ್ಲಿ ಹೆಂಗಸರಿಗೆ ಹೆಂಗಸರೇ ಮಾಡೋದು’ ಅಂದೆ. ಈ ಉತ್ತರ ನನ್ನ ಬಾಯಿಂದ ಬಂತಲ್ಲ, ಅದು ಸುಡ್ತಿದೆ. ಪಂಚಕರ್ಮ ಚಿಕಿತ್ಸೇಲಿ ಆ ಪದ್ಧತಿ ಇರೋದು ನಿಜ. ಆದರೆ ಇಲ್ಲದಿದ್ರೆ? ಗಂಡಸಿನ ಬೆನ್ನು ಉಳುಕಿ, ಅದಕ್ಕೆ ಎಣ್ಣೆ ಹಚ್ಚೋ ಹೆಂಗಸು ಅಂದ ತಕ್ಷಣ ಬಾಯಿಗೆ ಬಂದಿದ್ದು ಕೇಳಬಹುದಾ? 2021ರಲ್ಲಿ ದೆಹಲಿ ಸರ್ಕಾರ ಸ್ಪಾಗಳಲ್ಲಿ ಗಂಡಸರಿಗೆ ಹೆಂಗಸರು, ಹೆಂಗಸರಿಗೆ ಗಂಡಸರು ಮಸಾಜ್ ಮಾಡೋ ಹಾಗಿಲ್ಲ ಅಂತ ನಿಯಮ ತಂದಿತ್ತು. ಅದೇ ವರ್ಷ ಡಿಸೆಂಬರಲ್ಲಿ ದೆಹಲಿ ಹೈಕೋರ್ಟ್ ಅದಕ್ಕೆ ತಡೆ ಕೊಡ್ತು. ಕೋರ್ಟಿಗೆ ಅರ್ಥ ಆಗಿದ್ದು ಒಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಯಾಕೆ ಅರ್ಥ ಆಗಲ್ಲ?

ಇಷ್ಟಾಗಿದ್ರೂ ತಡ್ಕೊಳ್ತಿದ್ದೆ. ಅಜ್ಜಿ ಸೊಸೆ ಲಿಫ್ಟ್ ಹತ್ತಿರ ಬಂದು ನಿಂತಿದ್ರು. ಎಲ್ಲ ನೋಡ್ತಿದ್ರು. ನಮ್ಮ ಮನೆಗೆ ಬಂದವರು, ಡಾಕ್ಟರ್ ಕಳಿಸಿದವರು ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ‘ಇವತ್ತು ಬೇಡ ಬಿಡಿ, ಆಮೇಲೆ ಫೋನ್ ಮಾಡ್ತೀನಿ’ ಅಂದು ಲಿಫ್ಟ್ ಹತ್ತಿದ್ರು. ಅವರಿಗೂ ಅಲ್ಲೇ ಬದುಕಬೇಕು, ನಿಷ್ಠುರ ಕಟ್ಟಿಕೊಳ್ಳೋದು ಕಷ್ಟ ಅಂತ ನನಗೆ ಗೊತ್ತು. ಗೊತ್ತಿದ್ರೂ ಕ್ಷಮಿಸೋಕೆ ಆಗ್ತಿಲ್ಲ.

ಮನೆಗೆ ಬಂದು ಬ್ಯಾಗ್ ತೆಗೆದರೆ ಬೆಡ್‌ಶೀಟೆಲ್ಲ ಎಣ್ಣೆ. ಮುಚ್ಚಳ ಸರಿಯಾಗಿ ತಿರುಗಿಸಿಯೇ ಇಲ್ಲ ಅವನು.

ಅಜ್ಜಿಗೆ ಇರೋದು ಫ್ರೋಜನ್ ಶೋಲ್ಡರ್, ಭುಜ ಬಿಗಿದುಕೊಂಡು ಕೈ ಎತ್ತೋಕೆ ಆಗದಿರೋ ಕಾಯಿಲೆ. ಸಕ್ಕರೆ ಕಾಯಿಲೆ ಇರೋರಿಗೆ ಇದು ಬರೋದು ಜಾಸ್ತಿ, ಅಜ್ಜಿಗೂ ಇದೆ. ಬ್ಲೌಸ್ ಹುಕ್ ಹಾಕ್ಕೊಳ್ಳೋಕೆ ಆಗಲ್ಲ, ತಲೆ ಬಾಚೋಕೆ ಆಗಲ್ಲ, ಆ ಮಗ್ಗುಲಿಗೆ ಮಲಗೋಕೂ ಆಗಲ್ಲ. ಭುಜ ಹಿಡಿದು ಎಳೆದುಬಿಟ್ರೆ ಸರಿಹೋಗೋ ಕಾಯಿಲೆ ಅಲ್ಲ ಅದು, ಎಳೆದ್ರೆ ನೋವು ಇನ್ನೂ ಜಾಸ್ತಿ ಆಗುತ್ತೆ. ಮೊದಲು ಅಭ್ಯಂಗ, ಆಮೇಲೆ ಕಿಳಿ ಶಾಖ, ಬಿಸಿಗೆ ಸ್ನಾಯು ಸಡಿಲ ಆದಾಗ ನಿಧಾನಕ್ಕೆ ಕೈ ಆಡಿಸಬೇಕು. ಕಿಳೀನ ಮೊದಲು ನನ್ನ ಅಂಗೈ ಹಿಂಭಾಗಕ್ಕೆ ಇಟ್ಟು ಬಿಸಿ ನೋಡ್ತೀನಿ, ಯಾಕಂದ್ರೆ ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ಚರ್ಮ ಸುಟ್ರೂ ಗೊತ್ತಾಗಲ್ಲ. ಮೊನ್ನೆ ಅಜ್ಜಿ ಅಷ್ಟು ದಿನ ಆದ್ಮೇಲೆ ತಾನೇ ಕೈ ಎತ್ತಿ ಹೂ ಮುಡ್ಕೊಂಡ್ರು. ಈಗ ಅರ್ಧಕ್ಕೆ ನಿಂತಿದೆ.

ಒಂದು ವರ್ಷ ಪಂಚಕರ್ಮ ಟೆಕ್ನೀಷಿಯನ್ ಕೋರ್ಸ್ ಮಾಡಿದೀನಿ. ಜ್ವರ ಇದ್ರೆ ಎಣ್ಣೆ ಹಚ್ಚಲ್ಲ, ಊಟ ಆದ ತಕ್ಷಣ ಹಚ್ಚಲ್ಲ, ಹೊಸದಾಗಿ ಉಳುಕಿದ ಪಾದನ ತಿಕ್ಕಲ್ಲ. ಒಬ್ಬರು ಮೀನಖಂಡ ನೋವು, ಒತ್ತಿಕೊಡಿ ಅಂತ ಕರೆದಿದ್ರು. ನೋಡಿದ್ರೆ ಒಂದೇ ಕಾಲು ಊದಿದೆ, ಮುಟ್ಟಿದ್ರೆ ಬಿಸಿ. ಒತ್ತದೆ ನೇರ ಆಸ್ಪತ್ರೆಗೆ ಕಳಿಸಿದೆ. ರಕ್ತ ಹೆಪ್ಪುಗಟ್ಟಿತ್ತು. ಒತ್ತಿದ್ರೆ ಅದು ಜಾರಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತಾಗಬಹುದಿತ್ತು. ಇದೆಲ್ಲ ಕಲಿತು ಬಂದ ಕೈ ಇದು. ದಿನಾ ಒತ್ತಿ ಒತ್ತಿ ಹೆಬ್ಬೆರಳಿನ ಬುಡ ಹಿಡ್ಕೊಂಡು ರಾತ್ರಿ ನಿದ್ದೆ ಬರಲ್ಲ. ಈ ಕೈಗೆ ಸಿಕ್ಕ ಮರ್ಯಾದೆ ಇದು!

ನಮ್ಮ ಮನೆಗಳಲ್ಲಿ ಬಾಣಂತಿಗೆ, ಕೂಸಿಗೆ ಎಣ್ಣೆ ನೀರು ಹಾಕೋಕೆ ಬರ್ತಿದ್ದ ಅಜ್ಜಿಯರಿಗೆ ಬಾಗಿನ ಕೊಟ್ಟು, ಸೀರೆ ಉಡಿಸಿ ಕಳಿಸ್ತಿದ್ರು. ನೀರು ತುಂಬೋ ಹಬ್ಬದ ಮಾರನೇ ದಿನ ಮನೆಮಂದಿಯೆಲ್ಲ ತಲೆಗೆ ಎಣ್ಣೆ ಒತ್ತಿಸಿಕೊಳ್ತೀವಿ. ಅದೇ ಎಣ್ಣೆ ಬಾಟಲಿ ಹಿಡಿದು ದುಡಿಯೋಕೆ ಬಂದ್ರೆ ಮಾತ್ರ ಹೆಂಗಸಿನ ನಡತೆ ಕೆಡುತ್ತಾ? ಯಾರಾದ್ರೂ ಉತ್ತರ ಕೊಡಿ. ಎಲ್ಲೋ ಒಂದು ಕಡೆ ಸ್ಪಾ ಮೇಲೆ ರೈಡ್ ಆದ್ರೆ ಅದಕ್ಕೆ ನಾನು ಯಾಕೆ ಗೇಟಲ್ಲಿ ನಿಂತು ಲೆಕ್ಕ ಕೊಡಬೇಕು?

ಗೆಳತಿ ದೂರು ಕೊಡು ಅಂತಿದಾಳೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯಿದೆ ಪ್ರಕಾರ ಕೆಲಸಕ್ಕೆ ಹೋದ ಜಾಗವೂ ಕೆಲಸದ ಸ್ಥಳವೇ, ಕಂಪನಿ ಇಲ್ಲದೋರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತೆ ಅಂತ ಹೇಳಿದ್ಲು. ಕೊಡ್ತೀನಿ, ಬಿಡಲ್ಲ ಅಂತ ಅವಳ ಹತ್ರ ಹೇಳಿದೆ. ಆದರೆ ಸಾಕ್ಷಿ ಹೇಳೋಕೆ ಯಾರು ಬರ್ತಾರೆ? ಸೊಸೆನೇ ಬಾಯಿ ಬಿಡಲಿಲ್ಲ. ದೂರು ಕೊಟ್ಟೋಳು ಅಂತ ಹೆಸರಾದ್ರೆ ಬೇರೆ ಮನೆಗಳೂ ಕೈತಪ್ಪುತ್ತೆ. ಬಾಡಿಗೆ ಕಟ್ಟಬೇಕು. ಹೋಗಲಿ ಬಿಡು ಅನ್ಸುತ್ತೆ. ಮತ್ತೆ ಆ ಟವೆಲ್ ಕೊಡವಿದ್ದು ನೆನಪಾದ್ರೆ ರಕ್ತ ಕುದಿಯುತ್ತೆ.

ಈಗ ಸೊಸೆ ಮೆಸೇಜ್ ಬಂದಿದೆ: ‘ಅತ್ತೆಗೆ ತುಂಬ ನೋವು. ನಾಳೆ ಹಿಂದಿನ ಗೇಟಿಂದ ಬನ್ನಿ, ರಿಜಿಸ್ಟರಲ್ಲಿ ಅಡುಗೆಯವರು ಅಂತ ಬರೀರಿ.’

ಬರೆಯಲ್ಲ. ಸೆಕ್ರೆಟರಿಗೆ ನೀವೇ ಫೋನ್ ಮಾಡಿ ಹೇಳಿ, ಮುಂದಿನ ಗೇಟಲ್ಲಿ ಬಂದು ನನ್ನನ್ನ ಕರ್ಕೊಂಡು ಹೋಗಿ, ಆಗ ಬರ್ತೀನಿ ಅಂತ ಉತ್ತರ ಬರೆದು ಕಳಿಸಿದೀನಿ. ಓದಿದಾರೆ. ಇನ್ನೂ ಏನೂ ಹೇಳಿಲ್ಲ.